ಕೀಮೋ ಚೀಟಿ ಕನ್ನಡದಲ್ಲಿರಲಿ, ಜ್ವರ ಬಂದವರಿಗೆ ಸರದಿ ಬೇಡ

ಸಂಪಾದಕರಿಗೆ,

ಮಾನ್ಯರೆ,

ನಾನು ರಬಕವಿಯ ಒಂದು ನೇಕಾರರ ಸಹಕಾರಿ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕೀಮೋಥೆರಪಿ ಪಡೆದೆ. ಮೊದಲು 21 ದಿನಕ್ಕೊಮ್ಮೆಯಂತೆ ನಾಲ್ಕು ಸಲ, ಆಮೇಲೆ ವಾರಕ್ಕೊಮ್ಮೆಯಂತೆ ಹನ್ನೆರಡು ಸಲ. ಕೊಟ್ಟ ಔಷಧಿಯ ಬಗ್ಗೆಯಾಗಲಿ, ಕೊಟ್ಟವರ ಬಗ್ಗೆಯಾಗಲಿ ನನ್ನ ದೂರಿಲ್ಲ. ಆದರೆ ಕೀಮೋದ ತೊಂದರೆಗಳು ಕಾಣಿಸಿಕೊಳ್ಳುವುದು ಆಸ್ಪತ್ರೆಯ ಕುರ್ಚಿಯಲ್ಲಲ್ಲ, ಮನೆಗೆ ಬಂದು ವಾರ ಕಳೆದ ಮೇಲೆ. ಆಗ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವ ಪದ್ಧತಿ ನಮ್ಮ ಭಾಗದಲ್ಲಿ ನನಗೆ ಕಾಣಲಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲ ದಿನವೇ ಇದರ ರುಚಿ ಸಿಕ್ಕಿತು. ಡಾಕ್ಸೊರುಬಿಸಿನ್ ಎಂಬ ಔಷಧಿ ಕುಂಕುಮದ ನೀರಿನಷ್ಟು ಕೆಂಪಗಿರುತ್ತದೆ. ಅದನ್ನು ಸಿರಿಂಜಿನಲ್ಲಿ ನಿಧಾನವಾಗಿ ನರಕ್ಕೆ ಕೊಟ್ಟು, ಇನ್ನೊಂದು ಔಷಧಿಯನ್ನು ಸಲೈನ್ ಮೂಲಕ ಹನಿಸಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಕಳಿಸಿದರು. ಗೋಕಾಕ, ಮಹಾಲಿಂಗಪುರ ಹಾದು ಬಸ್ಸಿನಲ್ಲಿ ಮನೆ ಸೇರಿದಾಗ ಕತ್ತಲಾಗಿತ್ತು. ಬಚ್ಚಲಿಗೆ ಹೋದರೆ ಮೂತ್ರ ಕೆಂಪಾಗಿತ್ತು. ರಕ್ತವೇ ಹೋಗುತ್ತಿದೆ ಎಂದುಕೊಂಡು ನಾನು ಗೋಡೆ ಹಿಡಿದು ನಿಂತೆ, ನಮ್ಮ ಮನೆಯವರು ಆ ಹೊತ್ತಿನಲ್ಲಿ ಜೀಪು ಕೇಳಲು ಓಡಿದರು. ಅದು ಔಷಧಿಯದೇ ಬಣ್ಣ, ಒಂದೆರಡು ದಿನದಲ್ಲಿ ತಾನೇ ಹೋಗುತ್ತದೆ ಎಂದು ನಮಗೆ ಕೊಟ್ಟಿದ್ದ ಇಂಗ್ಲಿಷ್ ಹಾಳೆಯ ಎರಡನೆಯ ಪುಟದಲ್ಲಿ ಅಚ್ಚಾಗಿತ್ತಂತೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ಮಗಳು ಓದಿ ಹೇಳಿದಳು. ಜೀಪಿನವನಿಗೆ ಕೊಟ್ಟಿದ್ದ ಮುಂಗಡ ವಾಪಸು ಬರಲಿಲ್ಲ ಎಂಬುದು ಬೇರೆ ಮಾತು.

ಇದು ನಗುವಂಥದ್ದು. ನಗಲಾಗದ್ದು ಹತ್ತನೆಯ ರಾತ್ರಿ ನಡೆಯಿತು. ಮೈ ಬೆಚ್ಚಗಾಯಿತು, ಸಣ್ಣಗೆ ಚಳಿ ಹತ್ತಿತು. ಅತ್ತೆಯವರು ಹಣೆ ಮುಟ್ಟಿ ನೋಡಿ, "ಇಷ್ಟ ಜ್ವರಕ್ಕ ಏನಾಗತೈತಿ, ಒಂದ ಗುಳಿಗಿ ನುಂಗಿ ಮಕ್ಕೊ" ಎಂದರು. ನಾನು ಪ್ಯಾರಾಸಿಟಮಾಲ್ ನುಂಗಿದೆ. ಬೆವರು ಬಿಟ್ಟು ಜ್ವರ ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಮರುದಿನ ಮತ್ತೆ ಏರಿತು. ಹತ್ತಿರದ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಸರದಿಯಲ್ಲಿ ಕುಳಿತೆವು. ನನ್ನ ಆಚೆ ಈಚೆ ಕೆಮ್ಮುವವರು, ಮೂಗು ಸೋರುವ ಮಕ್ಕಳು. ಎರಡು ತಾಸಿನ ಮೇಲೆ ನನ್ನ ಪಾಳಿ ಬಂದಾಗ ವೈದ್ಯರು ಊರಲ್ಲೆಲ್ಲ ಹಬ್ಬಿದ ವೈರಲ್ ಜ್ವರವೇ ಇದೂ ಎಂದು ಗುಳಿಗೆ ಬರೆದರು. ಕೀಮೋ ಆಗಿದೆ ಎಂದು ನಾವು ಹೇಳಿದ್ದೆವು. ಹನ್ನೊಂದನೆಯ ದಿನ ಎಂದು ಹೇಳಬೇಕೆಂಬುದು ನಮಗೆ ಗೊತ್ತಿರಲಿಲ್ಲ, ಎಷ್ಟನೆಯ ದಿನ ಎಂದು ಅವರು ಕೇಳಲಿಲ್ಲ. ಸಂಜೆಗೆ ಮೈ ಗಡಗಡ ನಡುಗಲು ಹತ್ತಿದಾಗ ಬಾಡಿಗೆ ಗಾಡಿಯಲ್ಲಿ ಬೆಳಗಾವಿಗೆ ಹೋದೆವು. ಸಾಮಾನ್ಯವಾಗಿ 4,000ದಿಂದ 11,000 ಇರಬೇಕಾದ ಬಿಳಿ ರಕ್ತಕಣಗಳು 700ಕ್ಕೆ ಇಳಿದಿದ್ದವು. ಐದು ದಿನ ಒಂಟಿ ಕೋಣೆಯಲ್ಲಿಟ್ಟು ನರದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟರು. ಅಲ್ಲಿನ ವೈದ್ಯರು ನಮ್ಮ ಮನೆಯವರನ್ನು ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಮನ್ಯಾಗ ಥರ್ಮಾಮೀಟರ್ ಐತೇನ್ರಿ?" ಇರಲಿಲ್ಲ.

ಆ ಐದು ದಿನಗಳಲ್ಲಿ ನಾನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಈ ಔಷಧಿಗಳು ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳು ಹಾಗೆ ಬೆಳೆಯುವಂಥವು; ಆದರೆ ಕೂದಲಿನ ಬೇರು, ಬಾಯಿಯ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಎಲುಬಿನ ಮಜ್ಜೆ ಇವೂ ಹಾಗೆಯೇ ಬೆಳೆಯುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದೊಳಗೆ ತೀರ ಕೆಳಗಿಳಿದು, ಮೂರನೆಯ ವಾರ ಮುಗಿಯುವಷ್ಟರಲ್ಲಿ ಮೇಲೇರುತ್ತವೆ. ಮುಂದಿನ ಸರದಿಗೆ 21 ದಿನ ಬಿಡುವುದು ಅದಕ್ಕಾಗಿಯೇ. ಆ ನಡುವಿನ ವಾರದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರವೆಂದರೆ ತುರ್ತು ಪರಿಸ್ಥಿತಿ. ಸೋಂಕಿನ ವಿರುದ್ಧ ಹೋರಾಡುವ ಕಣಗಳೇ ಇಲ್ಲದಿರುವಾಗ ಕೀವು, ಊತ, ಕೆಂಪಾಗುವುದು ಯಾವುದೂ ಎದ್ದು ಕಾಣುವುದಿಲ್ಲ, ಜ್ವರವೊಂದೇ ಸುಳಿವು. ಪ್ಯಾರಾಸಿಟಮಾಲ್ ನುಂಗಿ ನಾನು ಆ ಸುಳಿವನ್ನೇ ಒರೆಸಿಹಾಕಿದ್ದೆ. ಇಪ್ಪತ್ತೆರಡು ವರ್ಷ ಜಮಾ ಖರ್ಚು ತಾಳೆ ನೋಡಿದವಳಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ತಿಳಿಯದಂಥ ಲೆಕ್ಕವೇನಲ್ಲ.

ಎರಡನೆಯ ಸರದಿಯಿಂದ ನಾನೊಂದು ನೂರು ಪುಟದ ನೋಟುಬುಕ್ ಇಟ್ಟೆ. ಕೀಮೋ ಆದ ದಿನವನ್ನು ಒಂದು ಎಂದು ಬರೆದು 21ರವರೆಗೆ ಗೆರೆ ಹಾಕಿ, ಏಳರಿಂದ ಹದಿನಾಲ್ಕರವರೆಗಿನ ಸಾಲುಗಳಿಗೆ ಕೆಂಪು ಶಾಯಿಯ ಅಂಚು ಎಳೆದೆ. ಬೆಳಿಗ್ಗೆ ಸಂಜೆ ಜ್ವರ ಎಷ್ಟು, ಏನು ತಿಂದೆ, ಎಷ್ಟು ಸಲ ವಾಂತಿ, ಹೊಟ್ಟೆ ಹೋಯಿತೋ ಇಲ್ಲವೋ, ಎಲ್ಲವನ್ನೂ ಬರೆದೆ. ವಾಂತಿಯ ಗುಳಿಗೆಯನ್ನು ವಾಂತಿಯಾದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೆ ಮೊದಲೇ ತೆಗೆದುಕೊಳ್ಳಬೇಕು ಎಂಬುದು ಈ ಪುಸ್ತಕದಿಂದಲೇ ನನಗೆ ಮನದಟ್ಟಾಯಿತು. ಮೊದಲ ಸಲ "ವಾಂತಿ ಬಂದರೆ ನೋಡೋಣ" ಎಂದು ಗುಳಿಗೆ ಉಳಿಸಿದ್ದೆ. ಬಸ್ಸು ಸಕ್ಕರೆ ಕಾರ್ಖಾನೆಯೊಂದರ ಹತ್ತಿರ ಬರುತ್ತಿದ್ದಂತೆ ಕಾಕಂಬಿಯ ವಾಸನೆಗೇ ಹೊಟ್ಟೆ ತೊಳಸಿ ಕಿಟಕಿಗೆ ತಲೆ ಇಟ್ಟಿದ್ದೆ. ಬೆಲ್ಲ, ಕಬ್ಬಿನ ಹಾಲು, ಆಲೆಮನೆಯ ಹೊಗೆ ಇವುಗಳ ನಡುವೆಯೇ ಬೆಳೆದವಳಿಗೆ ಆ ವಾಸನೆ ಇಂದಿಗೂ ಸೇರುವುದಿಲ್ಲ. ಅದೇ ಗುಳಿಗೆಗಳಿಂದ ಮಲಬದ್ಧತೆಯಾಗುತ್ತದೆ ಎಂಬುದನ್ನು ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಒಂದು ಸಿರಪ್ಪಿನಲ್ಲಿ ಮುಗಿಯಿತು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಬೇರೆಯೇ ಸೂಚನೆ ಬೇಕು. ಹಾಳೆಯಲ್ಲಿ "ಸಲಾಡ್ ಬೇಡ" ಎಂದಿತ್ತು. ನಮ್ಮ ಮನೆಯಲ್ಲಿ ಸಲಾಡ್ ಎಂಬುದನ್ನು ಯಾರೂ ಮಾಡುವುದಿಲ್ಲ, ಹಾಗಾಗಿ ಆ ಸಾಲು ನಮಗಲ್ಲ ಎಂದು ಬಿಟ್ಟೆವು. ಆದರೆ ರೊಟ್ಟಿಯ ಜೊತೆಗೆ ಹಸಿ ಮೆಂತ್ಯ, ಹಕ್ಕರಿಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಇಲ್ಲದೆ ನಮ್ಮ ಊಟವಾಗುವುದಿಲ್ಲ, ಹೊಲದಿಂದ ಕಿತ್ತು ತಂದು ನೀರು ಚಿಮುಕಿಸಿ ತಾಟಿಗೆ ಹಾಕುವುದೇ ರೂಢಿ. ಬಿಳಿ ಕಣ ಇಳಿದ ದಿನಗಳಲ್ಲಿ ಅದನ್ನು ಬಿಟ್ಟು ಪಲ್ಯ ಮಾಡಿ ತಿನ್ನಬೇಕು, ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ಸುಲಿದು ತಿನ್ನಬೇಕು ಎಂದು ನಮ್ಮ ಹೆಸರುಗಳಲ್ಲಿ ಬರೆದಿದ್ದರೆ ಅತ್ತೆಯವರಿಗೂ ಅರ್ಥವಾಗುತ್ತಿತ್ತು. ಬಾಯಿ ಹುಣ್ಣಾದಾಗ ರೊಟ್ಟಿ ಮುರಿದು ಬಾಯಿಗಿಟ್ಟರೆ ಗಾಜಿನ ಚೂರು ಇಟ್ಟಂತಾಗುತ್ತಿತ್ತು, ಶೇಂಗಾ ಚಟ್ನಿಯ ಮಾತಂತೂ ಬೇಡ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿದ ಮೇಲೆ ತಿಂದು ದಿನ ಕಳೆದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡಿಗೆ ಸೋಡಾ ಬೆರೆಸಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಲು ನರ್ಸ್ ಒಬ್ಬರು ಹೇಳಿಕೊಟ್ಟರು. ಅಷ್ಟೂ ದುಬಾರಿ ಔಷಧಿಗಳ ನಡುವೆ ನನಗೆ ಹೆಚ್ಚು ಹಿತವಾದದ್ದು ಇದೇ.

ಕೂದಲು ಹದಿನೇಳನೆಯ ದಿನ ಬಾಚಣಿಗೆಗೆ ಗೊಂಚಲಾಗಿ ಬಂತು. ನಮ್ಮಲ್ಲಿ ಹೆಂಗಸಿನ ಬೋಳು ತಲೆಗೆ ಜನ ಏನು ಅರ್ಥ ಹಚ್ಚುತ್ತಾರೆಂದು ಗೊತ್ತಿದ್ದ ನನಗೆ, ಗಂಡ ಎದುರಿಗೇ ಇದ್ದರೂ, ಕ್ಷೌರಿಕನನ್ನು ಮನೆಗೆ ಕರೆಸುವುದು ಶಸ್ತ್ರಚಿಕಿತ್ಸೆಗಿಂತ ಕಷ್ಟವಾಯಿತು. ತಲೆ ಮೇಲೆ ಸೆರಗು ಹೊದೆಯುವ ನಮ್ಮ ಪದ್ಧತಿ ಅಂದು ಉಪಯೋಗಕ್ಕೆ ಬಂತು. ಅದರಲ್ಲೂ ನೇಕಾರರ ಊರಿನವಳಾಗಿ ಒಂದು ಮಾತು ಹೇಳುತ್ತೇನೆ: ರೇಷ್ಮೆ, ಆರ್ಟ್ ಸಿಲ್ಕ್ ಸೆರಗು ಬೋಳು ತಲೆಯ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ, ನಾಲ್ಕು ಸಲ ಒಗೆದ ಹತ್ತಿ ಸೀರೆಯ ಸೆರಗು ನಿಲ್ಲುತ್ತದೆ. ಚಿಕಿತ್ಸೆ ಮುಗಿದ ಮೇಲೆ ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ.

ವಾರದ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ವಾಂತಿ ಕಡಿಮೆಯಾಯಿತು, ಬದಲಿಗೆ ಬೆರಳ ತುದಿ ಮತ್ತು ಅಂಗಾಲು ಜೋಮು ಹಿಡಿದವು. ನೋಟು ಎಣಿಸುವಾಗ ಎರಡು ಸೇರಿ ಬಂದರೂ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಚಿಕಿತ್ಸೆ ನಿಲ್ಲಿಸಿಯಾರೆಂದು ನಾನು ಮೂರು ವಾರ ಮುಚ್ಚಿಟ್ಟೆ. ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದ ಜಮಖಂಡಿ ಕಡೆಯ ಹಿರಿಯರೊಬ್ಬರೂ ಹೀಗೇ ಮುಚ್ಚಿಟ್ಟು, ಬೇಸಿಗೆಯಲ್ಲಿ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆ ಎದ್ದರೂ ಮನೆಗೆ ಬಂದ ಮೇಲೆಯೇ ನೋಡಿಕೊಂಡರು. ಹೇಳಿದಾಗ ನನಗೆ ಔಷಧಿ ನಿಲ್ಲಿಸಲಿಲ್ಲ, ಪ್ರಮಾಣ ಇಳಿಸಿದರು. ಜೋಮು ಮುಚ್ಚಿಟ್ಟಷ್ಟೂ ಉಳಿದುಹೋಗುವ ಸಂಭವ ಹೆಚ್ಚು ಎಂದು ಆಗ ತಿಳಿಯಿತು. ಇಂದಿಗೂ ನನ್ನ ಎಡಗೈಯ ಎರಡು ಬೆರಳುಗಳಿಗೆ ಪೂರ್ತಿ ಸ್ಪರ್ಶವಿಲ್ಲ.

ಓಣಿಯವರ ಔಷಧಿಗಳ ಬಗ್ಗೆಯೂ ಒಂದು ಮಾತು. ಪಪ್ಪಾಯಿ ಎಲೆಯ ರಸ, ಕಷಾಯ, ಬೇರು, ಭಸ್ಮ ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ, ಬೇಡವೆಂದರೆ ಮನಸ್ಸು ನೋಯುತ್ತದೆ. ಆದರೆ ಯಕೃತ್ತು ಕೀಮೋ ಔಷಧಿಯನ್ನು ಅರಗಿಸುವ ಕೆಲಸದಲ್ಲಿರುವಾಗ ಕೆಲವು ಗಿಡಮೂಲಿಕೆಗಳು ಅದಕ್ಕೆ ಅಡ್ಡಬರಬಹುದು. ನಾನು ತಂದವರ ಎದುರಿಗೆ ಇಟ್ಟುಕೊಂಡು, ವೈದ್ಯರನ್ನು ಕೇಳದೆ ಯಾವುದನ್ನೂ ಕುಡಿಯಲಿಲ್ಲ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಶುರುವಾದ ಕಾಲದಿಂದಲೂ ನಮ್ಮ ಭಾಗದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ರಾತ್ರಿ ರೈಲಿನಲ್ಲಿ ಅಲ್ಲಿಗೆ ಹೋದವು. ಈಗ ಚಿಕಿತ್ಸೆ ಹತ್ತಿರ ಬರುತ್ತಿದೆ. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್‌ನಲ್ಲಿ ಹೇಳಲಾಗಿದೆ. ಸ್ವಾಗತ. ಆದರೆ ಇವು ಹಗಲಿನಲ್ಲಿ ಔಷಧಿ ಕೊಟ್ಟು ಸಂಜೆಗೆ ಮನೆಗೆ ಕಳಿಸುವ ಕೇಂದ್ರಗಳು. ರಾತ್ರಿ ಹನ್ನೊಂದಕ್ಕೆ ಜ್ವರ ಬಂದ ರೋಗಿಯನ್ನು ನೋಡಬೇಕಾದವರು ತಾಲ್ಲೂಕು ಆಸ್ಪತ್ರೆಯವರೇ. ಆದ್ದರಿಂದ ಆರೋಗ್ಯ ಇಲಾಖೆಯವರು ಕುರ್ಚಿ, ಸಲೈನ್ ಸ್ಟ್ಯಾಂಡುಗಳ ಜೊತೆಗೆ ತಾಲ್ಲೂಕು ಆಸ್ಪತ್ರೆಗಳಿಗೆ ಲಿಖಿತ ಆದೇಶವೊಂದನ್ನು ಕಳಿಸಬೇಕು. ಕೀಮೋ ಚೀಟಿ ತೋರಿಸಿ ಜ್ವರವೆಂದು ಬಂದವರನ್ನು ಸರದಿಯಲ್ಲಿ ಕೂಡಿಸದೆ ಬೇರೆ ಕಡೆ ಕರೆದೊಯ್ಯಬೇಕು, ಕೂಡಲೇ ರಕ್ತದ ಮಾದರಿ ತೆಗೆಯಬೇಕು, ಚಿಕಿತ್ಸೆ ಕೊಟ್ಟ ಕೇಂದ್ರದೊಡನೆ ಮಾತಾಡಿ ಆ್ಯಂಟಿಬಯೋಟಿಕ್‌ನ ಮೊದಲ ಡೋಸನ್ನು ಅಲ್ಲೇ ಕೊಟ್ಟು ಮುಂದಕ್ಕೆ ಕಳಿಸಬೇಕು. ಇಂಗ್ಲೆಂಡಿನಲ್ಲಿ ಕೀಮೋ ಪಡೆಯುವವರಿಗೆ ಜೇಬಿನಲ್ಲಿಟ್ಟುಕೊಳ್ಳುವ ಎಚ್ಚರಿಕೆಯ ಕಾರ್ಡ್ ಕೊಡುತ್ತಾರೆ, ಇಂಥ ಜ್ವರಕ್ಕೆ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ಕೊಡುವ ಗುರಿ ಇಟ್ಟುಕೊಂಡಿದ್ದಾರೆ. ಕಾರ್ಡಿಗೆ ಬೇಕಾಗುವುದು ಒಂದು ಅಂಗೈಯಷ್ಟು ರಟ್ಟು.

ಖಾಸಗಿ ಆಸ್ಪತ್ರೆಗಳವರೂ ಆ ರಟ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಬಹುದು, ಗಡಿಯ ಹಳ್ಳಿಗಳವರಿಗೆ ಮರಾಠಿಯಲ್ಲೂ ಹಾಕಿಸಲಿ. ಅದರಲ್ಲಿ ಔಷಧಿಯ ಹೆಸರು, ಕೊಟ್ಟ ತಾರೀಖು, ರಾತ್ರಿಯೂ ಎತ್ತುವ ಒಂದು ಫೋನ್ ನಂಬರು ಇರಬೇಕು. ನನಗೆ ಕೊಟ್ಟಿದ್ದ ನಂಬರು ಸಂಜೆ ಐದರ ಮೇಲೆ ರಿಂಗಾಗುತ್ತಲೇ ಇರುತ್ತಿತ್ತು.

ಕೊನೆಯ ಕೆಲವು ವಾರ ನಾನೇ ಒಂದು ಚೀಟಿ ಬರೆದು, ಝೆರಾಕ್ಸ್ ಮಾಡಿಸಿ, ಆಚೆ ಈಚೆ ಕುರ್ಚಿಯವರಿಗೆ ಕೊಡುತ್ತಿದ್ದೆ. ನರ್ಸ್ ಒಬ್ಬರು ಓದಿ ಎರಡು ಕಡೆ ತಿದ್ದಿಕೊಟ್ಟರು. ಅದರಲ್ಲಿದ್ದ ಸಾಲುಗಳು ಇಷ್ಟೇ: "ನನಗೆ ಕೀಮೋ ಆಗಿದೆ, ಇಂದು ಇಷ್ಟನೆಯ ದಿನ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಮುಟ್ಟಿದರೆ, ಇಲ್ಲವೆ ಚಳಿ ನಡುಕ ಬಂದರೆ, ಗುಳಿಗೆ ನುಂಗಿ ಕಾಯಬಾರದು, ರಾತ್ರಿಯಾದರೂ ಹೊರಡಬೇಕು. ನನ್ನನ್ನು ಸರದಿಯಲ್ಲಿ ಕೂಡಿಸಬೇಡಿ, ಬಿಳಿ ರಕ್ತಕಣ ನೋಡಿ." ಈ ಪತ್ರ ಪೂರ್ತಿ ಪ್ರಕಟಿಸಲು ಜಾಗ ಸಾಲದಿದ್ದರೆ ಆ ಸಾಲುಗಳನ್ನಷ್ಟಾದರೂ ಪತ್ರಿಕೆಯ ಒಂದು ಮೂಲೆಯಲ್ಲಿ ಹಾಕಬೇಕೆಂದು ಕೋರುತ್ತೇನೆ.

ಇತಿ,
ಓದುಗಾರ್ತಿ
ರಬಕವಿ, ಬಾಗಲಕೋಟೆ ಜಿಲ್ಲೆ