ಹಲ್ಲು ಕಿತ್ತ ಮೇಲೆ ಕೊಡುವ ಚೀಟಿ ಕನ್ನಡದಲ್ಲಿರಲಿ

ಮಾನ್ಯರೇ,

ಕಳೆದ ತಿಂಗಳು ಕೆಳದವಡೆಯ ಬುದ್ಧಿಹಲ್ಲು ಕೀಳಿಸಿಕೊಂಡೆ. ಎರಡು ದಿನ ಆರಾಮಾಗಿದ್ದೆ. ಮೂರನೇ ದಿನ ರಾತ್ರಿ ನೋವು ಶುರುವಾಯಿತು ನೋಡಿ, ಕಿವಿವರೆಗೂ ಸಿಡಿತ. ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗುಳಿ ಖಾಲಿ, ತಳದಲ್ಲಿ ಬೆಳ್ಳಗೆ ಮೂಳೆ.

ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಗೆ ಮುಚ್ಚಳದಂತೆ ಕೂತಿರುತ್ತದೆ. ಅದು ಕಳಚಿಹೋದರೆ ‘ಡ್ರೈ ಸಾಕೆಟ್’. ನಾನು ಮರುದಿನವೇ ಸ್ಟ್ರಾದಲ್ಲಿ ಎಳನೀರು ಎಳೆದಿದ್ದೆ. ಜೊತೆಗೆ ಬೀಡಿ. 36 ವರ್ಷದ ಚಟ, ಬಿಡಿ.

ನಮ್ಮ ಮನೆಯಾಕೆ ಲವಂಗ ಜಜ್ಜಿ ಗುಳಿಗೆ ತುರುಕಲು ಬಂದಳು. ನರ್ಸ್ ಆಗಿರುವ ಸೊಸೆ ತಡೆದಳು. ಉಗುರುಬೆಚ್ಚಗಿನ ಉಪ್ಪುನೀರು ಬಾಯಲ್ಲಿಟ್ಟು, ತಲೆ ವಾಲಿಸಿ, ಸುಮ್ನೆ ಹೊರಗೆ ಬಿಡಬೇಕು, ಜೋರಾಗಿ ಮುಕ್ಕಳಿಸಬಾರದು ಎಂದಳು. ಕೆನ್ನೆಗೆ ಬಟ್ಟೆಯಲ್ಲಿ ಸುತ್ತಿದ ಐಸ್, ಡಾಕ್ಟರ್ ಬರೆದಿದ್ದ ನೋವಿನ ಮಾತ್ರೆ, ತಲೆಗೆ ಎರಡು ದಿಂಬು. ಬೆಳಗಿನವರೆಗೆ ತಳ್ಳಲು ಅಷ್ಟು ಸಾಕಾಯಿತು. ವಾಸಿಯೇನೂ ಆಗಲಿಲ್ಲ. ಬೆಳಿಗ್ಗೆ ದಂತವೈದ್ಯರು ಗುಳಿ ತೊಳೆದು ಔಷಧಿಯ ಪಟ್ಟಿ ಇಟ್ಟ ಮೇಲೆಯೇ ಜೀವ ಬಂತು. ಆ ಔಷಧಿಗೂ ಲವಂಗದ್ದೇ ವಾಸನೆ! ಮನೆಯಾಕೆ ಗೆದ್ದವಳಂತೆ ನನ್ನ ಮುಖ ನೋಡಿದಳು.

ಸ್ಟ್ರಾ, ಬೀಡಿ ಬೇಡ ಅಂತ ಮೊದಲೇ ಕೊಟ್ಟ ಚೀಟಿಯಲ್ಲಿತ್ತಂತೆ. ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಕನ್ನಡದಲ್ಲಿ ಅಚ್ಚು ಹಾಕಿಸಲು ಜಾಸ್ತಿ ಖರ್ಚೇನೂ ಆಗುವುದಿಲ್ಲ ಅಲ್ವಾ? ಆರೋಗ್ಯ ಇಲಾಖೆಯವರು ಇದನ್ನು ಕಡ್ಡಾಯ ಮಾಡಲಿ.

– ನಿವೃತ್ತ ಬಸ್ ಕಂಡಕ್ಟರ್, ಅರಸೀಕೆರೆ