ಹಾಕದ ಗ್ರೀಸ್‌ಗೆ ಟಿಕ್ ಹಾಕಿದ ಸರ್ವಿಸ್ ಸೆಂಟರ್‌ನವರಿಗೆ ಒಂದು ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ, ಕಲಬುರಗಿ
ಪ್ರತಿ: ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ

ವಿಷಯ: ಗಾಡಿಯ ಕೀಚ್ ಸದ್ದಿಗೆ ಸಂಬಂಧವೇ ಇಲ್ಲದ ಪಾರ್ಟ್ಸ್ ಬದಲಿಸಿ ಹಣ ತೆಗೆದುಕೊಂಡಿದ್ದು, ಮಾಡದ ಕೆಲಸವನ್ನು ಜಾಬ್ ಕಾರ್ಡ್‌ನಲ್ಲಿ ಮಾಡಿದೆ ಅಂತ ತೋರಿಸಿದ್ದು.

ಸರ್, ನಮಸ್ಕಾರ.

ನನ್ನ ಫೋರ್ ಬೈ ಫೋರ್ ಗಾಡಿಯ ಸದ್ದು ಈಗ ನಿಂತಿದೆ. ನಿಲ್ಲಿಸಿದವರು ನೀವಲ್ಲ. ಸೇಡಂ ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ಒಬ್ಬ ಉಸ್ತಾದ್ ಅರ್ಧ ಗಂಟೆಯಲ್ಲಿ ನಿಲ್ಲಿಸಿದರು, ಕೈಯಲ್ಲಿ ಇದ್ದದ್ದು ಒಂದು ಗ್ರೀಸ್ ಗನ್ ಮಾತ್ರ. ಸದ್ದು ಹೋಯಿತಲ್ಲ, ಇನ್ನೇಕೆ ದೂರು ಅಂತ ನಿಮಗೆ ಅನ್ನಿಸಬಹುದು. ಸದ್ದು ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು.

ನಮ್ಮ ತೊಗರಿ ಹೊಲ ಸೇಡಂ ಕಡೆ ಇದೆ. ಮಳೆಗಾಲದಲ್ಲಿ ಆ ಎರೆ ದಾರಿಯಲ್ಲಿ ಬೇರೆ ಗಾಡಿ ಹೋಗುವುದೇ ಇಲ್ಲ, ಅದಕ್ಕಾಗಿಯೇ ಈ ಗಾಡಿ ತೆಗೆದುಕೊಂಡಿದ್ದು. ನಿಮ್ಮ ಶೋರೂಮಿನಲ್ಲಿ ಮಾರುವಾಗಲೂ ಇದನ್ನೇ ಹೇಳಿದ್ದಿರಿ, ಕೆಸರಿರಲಿ ಹಳ್ಳ ಇರಲಿ ಆರಾಮಾಗಿ ಹೋಗುತ್ತೆ ಅಂತ. ಹೋಯಿತು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಸದ್ದು ಶುರುವಾಯಿತು. ಜೋರಾಗಿ ಓಡಿಸಿದರೆ ಟಯರ್ ಸದ್ದಿನಲ್ಲಿ ಮುಚ್ಚಿಹೋಗುತ್ತೆ. ನಿಧಾನಕ್ಕೆ ಬಂದರೆ, ಅಂದರೆ ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಕೀಚ್ ಕೀಚ್ ಕೀಚ್ ಅಂತ ಒಂದೇ ತಾಳದಲ್ಲಿ ಬರುತ್ತೆ. ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಕೂಡ ಜನ ತಿರುಗಿ ನೋಡುತ್ತಿದ್ದರು.

ನಿಮ್ಮ ಅಡ್ವೈಸರ್‌ಗೆ ಮೊದಲ ಸಲ ತೋರಿಸಿದಾಗ ಅವರು ಗಾಡಿ ಹತ್ತಲೇ ಇಲ್ಲ. ಕೌಂಟರ್‌ನಲ್ಲಿ ಕೂತೇ ಹೇಳಿದರು: "ಸರ್, ಧೂಳ ಕುಂತದ ರೀ, ಇಲ್ಲಿ ಎಲ್ಲಾ ಗಾಡಿಗೂ ಹಂಗ ಬರ್ತದ. ಪ್ಯಾಡ್ ಚೇಂಜ್ ಮಾಡಿದ್ರ ಹೋಗ್ತದ." ಬ್ರೇಕ್ ಪ್ಯಾಡ್ ವಾರಂಟಿಯಲ್ಲಿ ಬರುವುದಿಲ್ಲ, ಸವೆಯುವ ವಸ್ತು. ಸರಿ ಅಂತ ದುಡ್ಡು ಕೊಟ್ಟೆ. ಗೇಟ್ ದಾಟಿ ರಿಂಗ್ ರೋಡ್ ಸೇರುವಷ್ಟರಲ್ಲಿ ಕೀಚ್ ಕೀಚ್. ಮುಂದಿನ ಸಲ ಸ್ಟೆಬಿಲೈಜರ್ ಬುಷ್, ಅಂದರೆ ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸರಳಿನ ರಬ್ಬರ್ ಹಿಡಿಕೆ, ಹೋಗಿದೆ ಅಂದರು, ಅದೂ ಬದಲಾಯಿತು. ಅದಾದ ಮೇಲೆ ಗಾಡಿ ಕೆಳಗಿನ ಎಲ್ಲ ರಬ್ಬರ್ ಬುಷ್‌ಗಳಿಗೆ ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇ ಹೊಡೆದು ಕಳಿಸಿದರು. ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತೆ, ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಹಾಕಬೇಕು. ಇದನ್ನು ನಾನು ನಿಮಗೆ ಹೇಳಬೇಕಾ? ಹೊಸ ಬುಷ್‌ಗೆ ಬಿಲ್ಲನ್ನೂ ಹಾಕಿ, ಅದು ಬೇಗ ಹಾಳಾಗುವ ದಾರಿಯನ್ನೂ ನೀವೇ ಮಾಡಿ ಕಳಿಸಿದ್ದೀರಿ.

ಆಗ ನಾನೂ ನನ್ನ ತಮ್ಮನೂ ಒಂದು ಭಾನುವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಗಾಡಿ ತೆಗೆದುಕೊಂಡು ನೆಹರು ಗಂಜ್‌ಗೆ ಹೋದೆವು. ಅಲ್ಲಿ ಗೋದಾಮಿನ ಉದ್ದ ಗೋಡೆ ಇದೆ. ಗೋಡೆ ಪಕ್ಕದಲ್ಲೇ ಗಾಜು ಇಳಿಸಿ ನಿಧಾನಕ್ಕೆ ಹೋದರೆ ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ ಬರುತ್ತೆ, ಯಾವ ಕಡೆಯದು ಅಂತ ಗೊತ್ತಾಗುತ್ತೆ. ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ, ಸದ್ದು ಬಂತು. ಆಕ್ಸಿಲರೇಟರ್ ಒತ್ತಿ ಬಿಟ್ಟೆ, ತಾಳ ಬದಲಾಗಲಿಲ್ಲ. ಅಂದರೆ ಇಂಜಿನ್ ಬೆಲ್ಟ್ ಅಲ್ಲ. ಕ್ಲಚ್ ಒತ್ತಿದರೂ ಅದೇ, ಕ್ಲಚ್ ಬೇರಿಂಗ್ ಕೂಡ ಅಲ್ಲ. ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟರೂ ಸದ್ದು ಹಾಗೇ ಇತ್ತು. ಪ್ಯಾಡ್ ಸದ್ದಾಗಿದ್ದರೆ ಸಾಮಾನ್ಯವಾಗಿ ಆಗ ನಿಲ್ಲಬೇಕು, ಇಲ್ಲವೇ ಬದಲಾಗಬೇಕು. ರಸ್ತೆ ಸಪಾಟಾಗಿತ್ತು, ಹಂಪಿಲ್ಲ ಗುಂಡಿಯಿಲ್ಲ, ಹಾಗಾಗಿ ಸಸ್ಪೆನ್ಶನ್ ಬುಷ್ ಕಿರುಗುಟ್ಟುವ ಪ್ರಶ್ನೆಯೇ ಇಲ್ಲ. ತಮ್ಮ ಹಿಂದಿನ ಟಯರ್ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲೇ ನಡೆದುಕೊಂಡು ಬಂದ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕೀಚ್ ಅನ್ನೋದು ಒಂದು ಸಲ ಅಲ್ಲ, ಮೂರ್ನಾಲ್ಕು ಸಲ.

ಇಲ್ಲೇ ಎಲ್ಲಾ ಇದೆ ಸರ್. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಚಕ್ರದಷ್ಟೇ ತಿರುಗುತ್ತೆ. ಚಕ್ರಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಜೋರಾಗಿ ತಿರುಗುವುದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಇಂಜಿನ್ ಕಡೆಯಿಂದ ಚಕ್ರದ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ, ಯಾಕಂದರೆ ಇಂಥ ಗಾಡಿಗಳ ಡಿಫರೆನ್ಶಿಯಲ್‌ನ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಗೇರ್ ಅನುಪಾತ ಸುಮಾರಾಗಿ ಅಷ್ಟೇ ಇರುತ್ತೆ. ಇನ್ನೊಂದು ಮಾತು, ಹಳ್ಳ ದಾಟಿ ಬಂದ ದಿನ ಸದ್ದು ಇರುತ್ತಿರಲಿಲ್ಲ, ಒಣಗಿದ ಮೇಲೆ ಮತ್ತೆ ಶುರು. ಒಳಗೆ ಹೋದ ನೀರೇ ಸ್ವಲ್ಪ ಹೊತ್ತು ಗ್ರೀಸ್‌ನ ಕೆಲಸ ಮಾಡುತ್ತಿತ್ತು. ಇದಿಷ್ಟನ್ನೂ ನಿಮ್ಮ ಅಡ್ವೈಸರ್‌ಗೆ ನಿಂತು ಹೇಳಿದೆ. ಅವರು ಟ್ಯಾಬ್‌ನಲ್ಲಿ ಬರೆದುಕೊಂಡದ್ದು "ಅಂಡರ್‌ಬಾಡಿ ನಾಯ್ಸ್, ಚೆಕ್" ಅಂತ ಎರಡು ಮೂರು ಪದ. ವಾಪಸ್ ಬಂದ ಉತ್ತರ, ಯಾವ ಸದ್ದೂ ಸಿಗಲಿಲ್ಲ ಅಂತ. ಅಂದು ಗಾಡಿ ತೊಳೆದು ಕೊಟ್ಟಿದ್ದರು. ಒದ್ದೆ ಗಾಡಿಯಲ್ಲಿ ಸದ್ದು ಎಲ್ಲಿಂದ ಸಿಗಬೇಕು?

ಉಸ್ತಾದ್ ಮೊದಲು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿದರು. ನಿಮ್ಮಲ್ಲಿ ಯಾರೂ ಇಷ್ಟು ಮಾಡಲಿಲ್ಲ. ಆಮೇಲೆ ಗಾಡಿ ಕೆಳಗೆ ಹೋಗಿ ಹಿಂದಿನ ಶಾಫ್ಟ್‌ನ ಕ್ರಾಸ್‌ಗೆ, ಅಂದರೆ ಶಾಫ್ಟ್ ತುದಿಯಲ್ಲಿರುವ ಕೂಡಿಸುವ ಗುರುತಿನ ಆಕಾರದ ಕೀಲಿಗೆ, ಟಾರ್ಚ್ ಹಿಡಿದು ನನ್ನನ್ನೂ ಕರೆದರು. ಕ್ರಾಸ್‌ನ ನಾಲ್ಕು ಬಟ್ಟಲಲ್ಲಿ ಎರಡರ ಅಂಚಿನಲ್ಲಿ ಕೆಂಪು ಪುಡಿ ಕೂತಿತ್ತು, ಮುಟ್ಟಿದರೆ ಬೆರಳಿಗೆ ಕುಂಕುಮದ ಹಾಗೆ ಅಂಟುತ್ತಿತ್ತು. ಅದು ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕು ಹಿಡಿದು ಉದುರಿದ ಪುಡಿ. ಗ್ರೀಸ್ ನಿಪ್ಪಲ್, ಅಂದರೆ ಗನ್‌ನಿಂದ ಗ್ರೀಸ್ ತುಂಬುವ ಸಣ್ಣ ಮೂತಿ, ಎಲ್ಲಿ ಅಂತ ಹುಡುಕಬೇಕಾಯಿತು. ಅದರ ಮೇಲೆ ಎರೆಮಣ್ಣು ಮೆತ್ತಿ ಒಣಗಿ ಕಲ್ಲಾಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದರೆ ಕೆಳಗೆ ಪದರ ಪದರ, ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು. ಆ ನಿಪ್ಪಲ್‌ಗೆ ಗನ್ ಬಾಯಿ ಕೂರಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಕೂರಿಸಿಯೂ ಇರಲಿಲ್ಲ. ಗನ್ ಒತ್ತಿದಾಗ ಮೊದಲು ಬಂದದ್ದು ಕಂದು ನೀರು, ಆಮೇಲೆ ತುಕ್ಕು ಬೆರೆತ ಗ್ರೀಸ್, ಕೊನೆಗೆ ನಾಲ್ಕೂ ಕಡೆಯಿಂದ ಶುದ್ಧ ಗ್ರೀಸ್. ಸದ್ದು ಅಲ್ಲಿಗೆ ಬಂದ್. "ಈಗ ಚಾಲೂ ಆತು, ಆದ್ರ ಕ್ರಾಸ್ ಸವದದ ರೀ, ಬದಲಿ ಮಾಡ್ಸಿಬಿಡ್ರಿ" ಅಂದರು ಉಸ್ತಾದ್.

ಈಗ ನಿಮ್ಮ ಜಾಬ್ ಕಾರ್ಡ್ ತೆಗೆದು ನೋಡಿ. ಪ್ರತಿ ಸರ್ವಿಸ್‌ನಲ್ಲೂ "ಪ್ರೊಪೆಲ್ಲರ್ ಶಾಫ್ಟ್ ಗ್ರೀಸಿಂಗ್" ಮುಂದೆ ಟಿಕ್ ಇದೆ, ಲೇಬರ್ ಕೂಡ ಹಾಕಿದ್ದೀರಿ. ಧೂಳು, ಕೆಸರು, ನೀರಿನಲ್ಲಿ ಓಡುವ ಗಾಡಿಗೆ ಇದನ್ನು ಇನ್ನೂ ಬೇಗ ಬೇಗ ಮಾಡಬೇಕು ಅಂತ ನೀವೇ ಕೊಟ್ಟ ಮ್ಯಾನುವಲ್ ಹೇಳುತ್ತೆ. ಇದು ಸುಮ್ನೆ ಕಿರಿಕಿರಿಯ ವಿಷಯ ಅಲ್ಲ ಸರ್. ಒಣ ಕ್ರಾಸ್ ಬಿಗಿದುಕೊಂಡು ಮುರಿದರೆ ಓಡುವ ಗಾಡಿಯ ಕೆಳಗೆ ಶಾಫ್ಟ್ ಕಳಚಿ ಬೀಳುತ್ತೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ನಡುವೆ ಅದು ಆಗಿದ್ದರೆ ಇವತ್ತು ಈ ಪತ್ರ ಬರೆಯುವವರು ಬೇರೆ ಯಾರೋ ಆಗಿರುತ್ತಿದ್ದರು.

ನನಗೆ ಬೇಕಾದದ್ದು ಇಷ್ಟು. ಬ್ರೇಕ್ ಪ್ಯಾಡ್‌ಗೆ, ಸ್ಟೆಬಿಲೈಜರ್ ಬುಷ್‌ಗೆ, ಮಾಡದ ಗ್ರೀಸಿಂಗ್‌ಗೆ ತೆಗೆದುಕೊಂಡ ಹಣ ವಾಪಸ್ ಕೊಡಿ. ಹಿಂದಿನ ಶಾಫ್ಟ್‌ನ ಎರಡೂ ಕ್ರಾಸ್ ನಿಮ್ಮ ಖರ್ಚಿನಲ್ಲಿ ಹೊಸದು ಹಾಕಿ, ನಾನು ಪಕ್ಕದಲ್ಲಿ ನಿಂತಿರುವಾಗ. ಎಣ್ಣೆ ಹೊಡೆದ ಬುಷ್‌ಗಳನ್ನು ತೊಳೆದು ಪರೀಕ್ಷಿಸಿ, ಏನು ಸ್ಥಿತಿಯಲ್ಲಿವೆ ಅಂತ ಬರೆದು ಕೊಡಿ. ನನ್ನ ಹಳೆಯ ಪ್ಯಾಡ್ ಎಲ್ಲಿ ಅಂತ ಕೇಳಿದ್ದಕ್ಕೆ ಸ್ಕ್ರ್ಯಾಪ್‌ಗೆ ಹೋಯಿತು ಅಂದಿರಿ. ಅವು ಎಷ್ಟು ದಪ್ಪ ಉಳಿದಿದ್ದವು ಅನ್ನೋ ದಾಖಲೆಯಾದರೂ ಇರಬೇಕಲ್ವಾ, ಅದನ್ನು ಕಳಿಸಿ. ಮತ್ತೆ, ಆ ಟಿಕ್ ಹಾಕಿದವರು ಯಾರೋ ಕೆಲಸದ ಹುಡುಗ ಅಂತ ಅವನ ತಲೆಗೆ ಕಟ್ಟಬೇಡಿ. ಒಂದು ದಿನಕ್ಕೆ ಅವನ ಮುಂದೆ ಎಷ್ಟು ಗಾಡಿ ನಿಲ್ಲಿಸುತ್ತೀರಿ ಅಂತ ನಿಮಗೇ ಗೊತ್ತು. ಫೈನಲ್ ಇನ್‌ಸ್ಪೆಕ್ಷನ್ ಅಂತ ಸಹಿ ಹಾಕಿದವರು ಬೇರೆ ಇದ್ದಾರೆ.

ಬಿಲ್‌ಗಳು, ಜಾಬ್ ಕಾರ್ಡ್‌ಗಳು, ಮಣ್ಣು ಮುಚ್ಚಿದ ನಿಪ್ಪಲ್‌ನ ಫೋಟೋ, ಗ್ರೀಸ್ ಹಾಕುವ ಮೊದಲು ಮತ್ತು ನಂತರದ ವಿಡಿಯೋ ಇದರ ಜೊತೆ ಕಳಿಸಿದ್ದೇನೆ. ಹದಿನೈದು ದಿನದಲ್ಲಿ ಬರಹದಲ್ಲಿ ಉತ್ತರ ಬೇಕು. ಫೋನ್ ಮಾಡಿ "ಬರ್ರಿ ಸರ್, ಚಾ ಕುಡಕೋತ ಮಾತಾಡೋಣ" ಅಂದರೆ ಬರುವುದಿಲ್ಲ. ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ ಅಂತ ಇಲ್ಲೇ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
(ಗಾಡಿ ನಂಬರ್ ಮತ್ತು ಮೊಬೈಲ್ ನಂಬರ್ ಜಾಬ್ ಕಾರ್ಡ್‌ನಲ್ಲಿದೆ)