ಮರಿ ಹವಳ ಎಂದರೆ ಲೆಕ್ಕಕ್ಕಿಲ್ಲವೇ?

ಮಾನ್ಯರೇ,

ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಬೋಟಿನ ಲಂಗರು ಬಿದ್ದು ಹವಳ ಮುರಿದ ಸುದ್ದಿ ಮೊನ್ನೆ ನಿಮ್ಮಲ್ಲಿ ಬಂದಿದೆ. ಆ ಬೋಟಿನಲ್ಲಿ ನಾನೂ ಇದ್ದೆ. ಪ್ರಾಣಿಶಾಸ್ತ್ರ ಓದುವ ಮಗಳಿಗೆ ತೋರಿಸೋಣವೆಂದು ರಜೆ ಹಾಕಿ ಹೋಗಿದ್ದೆ. ಏಳು ಗಂಟೆಗೆ ಬನ್ನಿ ಎಂದವರು ಹೊರಟದ್ದು ಹತ್ತಕ್ಕೆ. ಮುರುಡೇಶ್ವರದ ಬಿಸಿಲಲ್ಲಿ ಮೂರು ತಾಸು ಕೂರಿಸಿದರು. ಬರುವಾಗ ಮಗಳು ಅಳುತ್ತಲೇ ಇದ್ದಳು. ಇಷ್ಟನ್ನೂ ಸಹಿಸಿಕೊಂಡೆ. ಆದರೆ ಮಾರನೆಯ ದಿನ ಸಂಬಂಧಪಟ್ಟ ಸರ್ಕಾರಿ ಕಚೇರಿಗೆ ಹೋಗಿ ಹೇಳಿದರೆ, ಅಧಿಕಾರಿ ತಲೆಯೆತ್ತದೆ, ಮುರಿದದ್ದು ಅಂಗೈಯಗಲದ ಮರಿಯಲ್ಲವೇ, ಮತ್ತೆ ಬೆಳೆಯುತ್ತದೆ ಬಿಡಿ ಎಂದರು!

ಮರಿ ಬೆಳೆಯುವುದು ಹೇಗೆಂದು ಇವರಿಗೆ ಗೊತ್ತೇ? ಹವಳಕ್ಕೆ ಅನ್ನ ಹಾಕುವುದು ಅದರ ಮೈಯೊಳಗಿನ ಪಾಚಿ. ಹೆಚ್ಚಿನ ಜಾತಿಗಳಲ್ಲಿ ಮರಿಗೆ ಆ ಪಾಚಿ ತಾಯಿಯಿಂದ ಬರುವುದಿಲ್ಲ. ಸುತ್ತಲಿನ ನೀರು, ಮರಳಿನಿಂದ ಅದೇ ಹುಡುಕಿಕೊಳ್ಳಬೇಕು. ಮೊದಮೊದಲು ಸಿಕ್ಕ ಹಲವು ಬಗೆಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಒಂದು ಬಗೆ ಹೆಚ್ಚಿ ಇನ್ನೊಂದು ಇಳಿದು, ದೊಡ್ಡ ಹವಳಕ್ಕೆ ಒಗ್ಗುವ ಪಾಚಿ ನೆಲೆಯಾಗಲು ಎಷ್ಟೋ ಸಲ ವರ್ಷಗಳೇ ಬೇಕು. ಆಸ್ಟ್ರೇಲಿಯಾದ ಮ್ಯಾಗ್ನೆಟಿಕ್ ದ್ವೀಪದಲ್ಲಿ ಅಕ್ರೊಪೊರಾ ಎಂಬ ಕುಲದ ಒಂದು ಜಾತಿಯ ಹವಳದಲ್ಲಿ ದೊಡ್ಡವುಗಳ ಪಾಚಿಯೇ ಬೇರೆ, ಮರಿಗಳಲ್ಲಿ ಹೆಚ್ಚಾಗಿದ್ದ ಪಾಚಿಯೇ ಬೇರೆ ಎಂದು 2004ರಲ್ಲೇ ಪ್ರಕಟವಾಗಿದೆ. ದೊಡ್ಡವುಗಳ ಪಾಚಿಯನ್ನು ಹೊತ್ತ ಮರಿಗಳು ಉಳಿದವುಗಳಿಗಿಂತ ಎರಡು ಮೂರು ಪಟ್ಟು ಬೇಗ ಬೆಳೆದವಂತೆ. ನೀರು ಬಿಸಿಯಾದಾಗ ಹವಳ ಎಷ್ಟು ತಾಳುತ್ತದೆ ಎನ್ನುವುದೂ ಒಳಗಿರುವ ಪಾಚಿಯ ಮೇಲೆ ನಿಂತಿದೆ. ಹೀಗೆ ಹೆಜ್ಜೆಹೆಜ್ಜೆಗೂ ಹೊಂದಿಕೊಂಡು ಅಂಗೈಯಗಲವಾದ ಜೀವವನ್ನು ಒಂದು ಕಬ್ಬಿಣದ ಲಂಗರು ಒಂದೇ ಏಟಿಗೆ ಮುಗಿಸಿತು. ಇವರಿಗದು ಬರೀ ಮರಿ!

ಈ ಕಚೇರಿಯ ಕಥೆ ಹೊಸದೂ ಅಲ್ಲ. ಎರಡು ವರ್ಷದ ಹಿಂದೆ ಬಂಡೆಗೆ ಸಿಕ್ಕಿದ ಹರಿದ ಬಲೆಯ ಬಗ್ಗೆ ಅರ್ಜಿ ಕೊಟ್ಟಿದ್ದೆ. ಆ ಟೇಬಲ್ಲಿಂದ ಈ ಟೇಬಲ್ಲಿಗೆ ಓಡಾಡಿಸಿದರು, ಕೊನೆಗೆ ಅರ್ಜಿಯೇ ಸಿಗುತ್ತಿಲ್ಲ ಎಂದರು. ಫೋನ್ ಮಾಡಿದರೆ ಎತ್ತುವವರಿಲ್ಲ. ನಮ್ಮ ಓಣಿಯ ಚರಂಡಿಯ ದೂರಿಗೂ ಇನ್ನೊಂದು ಕಚೇರಿಯಲ್ಲಿ ಇದೇ ಗತಿ.

ಬೋಟು ಕಟ್ಟಲು ಅಲ್ಲಿ ಖಾಯಂ ತೇಲುಬುರುಡೆ (ಬೋಯ್) ಹಾಕಲಿ, ಲಂಗರು ಇಳಿಸುವುದನ್ನು ನಿಲ್ಲಿಸಲಿ. ಅದೂ ಆಗದಿದ್ದರೆ ಡೈವಿಂಗನ್ನೇ ನಿಲ್ಲಿಸಲಿ. ಏನಾದರೂ ಒಂದು ಮಾಡಲಿ! ಕುರ್ಚಿಯಲ್ಲಿ ಕೂತು ಮತ್ತೆ ಬೆಳೆಯುತ್ತದೆ ಎನ್ನುವವರು ಒಂದು ಸಲ ನೀರಿಗಿಳಿದು ಆ ಮುರಿದ ಚೂರುಗಳನ್ನು ನೋಡಿ ಬರಲಿ.

– ಒಬ್ಬ ಓದುಗ, ಭಟ್ಕಳ